ಮಾತ್ರೆ ನುಂಗುವ ಮುಂಚೆ ಡಬ್ಬಿ ಕೊಡಿ: ಉರಿಮೂತ್ರದ ಬಗ್ಗೆ ಲ್ಯಾಬಿನವಳ ಮಾತು

ಹೋದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ಒಬ್ಬ ಹೆಣ್ಣುಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಮೂವತ್ತರ ಆಸುಪಾಸು. ಬ್ಯಾಗಿನಿಂದ ಹಳೇ ಟಾನಿಕ್ ಬಾಟಲಿ ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡೇ ಟೇಬಲ್ ಮೇಲಿಟ್ಟಳು.

"ಅಕ್ಕಾ, ರಾತ್ರಿನೇ ಹಿಡಿದಿಟ್ಟಿದ್ದೆ. ಬೆಳಗ್ಗೆ ಬಸ್ಸು ತಪ್ಪುತ್ತೆ ಅಂತ."

"ಮಾತ್ರೆ ಏನಾದ್ರೂ ತಗೊಂಡ್ಯೇನಮ್ಮಾ?"

"ಮೆಡಿಕಲ್‌ನಲ್ಲಿ ಎರಡು ಕೊಟ್ಟಿದ್ರು. ಮೊನ್ನೆ ಒಂದು, ನಿನ್ನೆ ಒಂದು."

ಆ ಬಾಟಲಿ ಪರೀಕ್ಷೆಗೆ ಬರುವಂತಿರಲಿಲ್ಲ. ಹೊಸ ಡಬ್ಬಿ ಕೊಟ್ಟು ಮತ್ತೆ ಹಿಡಿಸಿದೆ. ಎರಡು ದಿನ ಕಾದರೂ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಏನೂ ಬೆಳೆಯಲಿಲ್ಲ. ಆದರೆ ಅವಳ ಉರಿ ಹಾಗೇ ಇತ್ತು. ಎರಡು ಮಾತ್ರೆ ರೋಗ ವಾಸಿ ಮಾಡಲಿಲ್ಲ, ರೋಗದ ಗುರುತನ್ನು ಮಾತ್ರ ಅಳಿಸಿಬಿಟ್ಟಿತ್ತು.

ನಾನು ತಿಪಟೂರಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಇಪ್ಪತ್ತೆರಡು ವರ್ಷದಿಂದ ರಕ್ತ, ಮೂತ್ರ, ಕಫ ನೋಡುವುದೇ ಕೆಲಸ. ಔಷಧ ಬರೆಯುವುದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಅವರು ಸರಿಯಾದ ಔಷಧ ಬರೆಯಬೇಕಾದರೆ ನಮ್ಮ ಕೈಗೆ ಸರಿಯಾದ ಸ್ಯಾಂಪಲ್ ಬರಬೇಕು. ಅದು ಪೂರ್ತಿ ನಿಮ್ಮ ಕೈಯಲ್ಲಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಉಷ್ಣವೋ, ಇನ್‌ಫೆಕ್ಷನ್ನೋ?

ನಮ್ಮ ಕಡೆ ಒಂದಕ್ಕೆ ಹೋಗುವಾಗ ಉರಿ ಬಂತು ಅಂದರೆ ಮೊದಲ ಮಾತು "ಉಷ್ಣ ಆಗಿದೆ" ಅಂತ. ಹೊಕ್ಕುಳಿಗೆ ಹರಳೆಣ್ಣೆ, ಜೀರಿಗೆ ನೀರು, ಬಾರ್ಲಿ ಗಂಜಿ, ಕಾಮಕಸ್ತೂರಿ ಬೀಜ, ಎಳನೀರು. ಇದರಲ್ಲಿ ಸುಳ್ಳೇನಿಲ್ಲ. ಬಿಸಿಲಲ್ಲಿ ದುಡಿದು, ಬೆವರಿ, ನೀರು ಕುಡಿಯದೇ ಇದ್ದರೆ ಮೂತ್ರ ಗಟ್ಟಿಯಾಗಿ, ಕಡು ಹಳದಿಯಾಗಿ, ಉರಿ ಕೊಡುತ್ತದೆ. ಚೆನ್ನಾಗಿ ನೀರು ಕುಡಿದ ಮೇಲೆ ಬಣ್ಣ ತಿಳಿಯಾಗಿ, ಉರಿಯೂ ಅವತ್ತೇ ಹೋಯಿತು ಅಂದರೆ ಅದು ನೀರಿನ ಕೊರತೆ. ಅಲ್ಲಿಗೆ ಮುಗಿಯಿತು.

ಇನ್‌ಫೆಕ್ಷನ್ ಹಾಗೆ ಹೋಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಓಡಬೇಕು ಅನಿಸುತ್ತದೆ, ಹೋದರೆ ನಾಲ್ಕು ಹನಿ. ಮುಗಿಸಿ ಎದ್ದ ಮೇಲೂ ಇನ್ನೂ ಇದೆ ಅನಿಸುತ್ತದೆ. ಕಿಬ್ಬೊಟ್ಟೆಯಲ್ಲಿ ಭಾರ, ಹಿಂಡಿದ ಹಾಗೆ ನೋವು. ಮೂತ್ರ ಮಸುಕಾಗಿರಬಹುದು, ಕೆಲವೊಮ್ಮೆ ರಕ್ತದ ಕೆಂಪು ಇರಬಹುದು. ಬರೀ ವಾಸನೆ ಬಂದ ಮಾತ್ರಕ್ಕೆ ಇನ್‌ಫೆಕ್ಷನ್ ಅಲ್ಲ. ಇದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಬಿಳಿ ಸೆರಗು, ತುರಿಕೆ ಜೊತೆಗಿದ್ದರೆ ಸಮಸ್ಯೆ ಮೂತ್ರದ್ದಲ್ಲದೆ ಯೋನಿಯ ಸೋಂಕೂ ಆಗಿರಬಹುದು. ಅದರ ಔಷಧವೇ ಬೇರೆ. ಹೊಸ ಸಂಗಾತಿ, ಗಂಡಸರಲ್ಲಿ ಕೀವಿನಂಥ ಸೋರಿಕೆ ಇದ್ದರೆ ಸಂಕೋಚ ಬಿಟ್ಟು ಹೇಳಿ. ಲೈಂಗಿಕ ಸೋಂಕಿಗೂ ಇದೇ ಉರಿ ಬರುತ್ತದೆ.

ಕಾರಣ ಹೆಚ್ಚು ಸಲ ಒಂದೇ. ಇ. ಕೋಲಿ ಎಂಬ ಬ್ಯಾಕ್ಟೀರಿಯಾ. 1885ರಲ್ಲಿ ಥಿಯೋಡೋರ್ ಎಷರಿಶ್ ಎಂಬ ಮಕ್ಕಳ ಡಾಕ್ಟರು ಕೂಸುಗಳ ಮಲದಲ್ಲಿ ಇದನ್ನು ಕಂಡು ವಿವರಿಸಿದರು, ಹೆಸರಿನಲ್ಲಿರುವ ಇ ಅಕ್ಷರ ಅವರದೇ. ನಮ್ಮ ಕರುಳಲ್ಲಿ ಇದು ಸದಾ ಇರುತ್ತದೆ, ಅಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಗುದದ್ವಾರದಿಂದ ಮುಂದಕ್ಕೆ ಸರಿದು ಮೂತ್ರದ ದಾರಿ ಹಿಡಿದಾಗಲೇ ಕಷ್ಟ. ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಎಳೆಗಳಿಂದ ಮೂತ್ರಕೋಶದ ಗೋಡೆಗೆ ಅಂಟಿಕೊಂಡುಬಿಡುತ್ತದೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಕಿರುಬೆರಳಿನಷ್ಟೂ ಉದ್ದವಿಲ್ಲ. ಗಂಡಸರದು ಸುಮಾರು 20 ಸೆಂಟಿಮೀಟರ್. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಂದು ಸಲವಾದರೂ ಇದು ಬರುವುದಕ್ಕೆ ಮುಖ್ಯ ಕಾರಣ ಈ ಅಳತೆಯೇ. ನಡತೆಗೂ ಇದಕ್ಕೂ ಸಂಬಂಧವಿಲ್ಲ. ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಲ್ಲುವ ಎಷ್ಟೋ ಹುಡುಗಿಯರಿಗೆ ಇದನ್ನೇ ಹೇಳಿ ಕಳಿಸುತ್ತೇನೆ.

ಬೆಳಗಾಗುವ ತನಕ ಕಾಯಬಾರದ ಹೊತ್ತು

ನಮ್ಮಕ್ಕನ ಕತೆ ಹೇಳುತ್ತೇನೆ. ಅವಳಿಗೆ ವರ್ಷದಲ್ಲಿ ಮೂರು ಸಲ ಉರಿ ಬಂತು. ಮೂರು ಸಲವೂ ಮನೆಯಲ್ಲಿ ಉಳಿದಿದ್ದ ಮಾತ್ರೆ ನುಂಗಿ, ಎರಡು ದಿನಕ್ಕೆ ಉರಿ ಕಡಿಮೆಯಾದ ತಕ್ಷಣ ನಿಲ್ಲಿಸಿದಳು. ನನಗೆ ಹೇಳಲೇ ಇಲ್ಲ. ನಾಲ್ಕನೇ ಸಲ ರಾತ್ರಿ ಹನ್ನೊಂದಕ್ಕೆ ಭಾವ ಫೋನ್ ಮಾಡಿದರು. ಹೋಗಿ ನೋಡಿದರೆ ಮೂರು ಕಂಬಳಿ ಹೊದಿಸಿದ್ದರೂ ಚಳಿಗೆ ಮಂಚವೇ ಅಲುಗುತ್ತಿತ್ತು. ಬಲಗಡೆ ಪಕ್ಕೆಯ ಹಿಂದೆ ಕೈ ಇಟ್ಟರೆ ಚೀರುತ್ತಿದ್ದಳು. ಕುಡಿದ ನೀರೆಲ್ಲಾ ವಾಂತಿ. ಇನ್‌ಫೆಕ್ಷನ್ ಮೂತ್ರಕೋಶದಿಂದ ಮೇಲಕ್ಕೆ ಏರಿ ಕಿಡ್ನಿ ಹಿಡಿದಿತ್ತು. ಆಸ್ಪತ್ರೆಯಲ್ಲಿ ಐದು ದಿನ ಇಂಜೆಕ್ಷನ್.

ಆದ್ದರಿಂದ ಉರಿಯ ಜೊತೆ ಜ್ವರ, ಚಳಿ ನಡುಕ, ಪಕ್ಕೆ ಅಥವಾ ಬೆನ್ನಿನ ಒಂದು ಕಡೆ ನೋವು, ವಾಂತಿ ಇವುಗಳಲ್ಲಿ ಯಾವುದು ಬಂದರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ. ರಾತ್ರಿಯಾದರೂ ಸರಿ. ಮೂತ್ರ ಪೂರ್ತಿ ಕಟ್ಟಿಕೊಂಡರೂ ಅಷ್ಟೇ. ಬಸುರಿಯರು, ಶುಗರ್ ಇರುವವರು, ಕಿಡ್ನಿಯಲ್ಲಿ ಕಲ್ಲಿರುವವರು, ಗಂಡಸರು, ಮಕ್ಕಳು ಬರೀ ಉರಿ ಇದ್ದರೂ ಮನೆಮದ್ದಿನಲ್ಲಿ ದಿನ ಕಳೆಯಬೇಡಿ.

ಡಬ್ಬಿಯಲ್ಲಿ ಹಿಡಿಯುವುದು ಹೇಗೆ

ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಡಬ್ಬಿ ಕೊಟ್ಟು "ಅಲ್ಲಿ ಬಾತ್‌ರೂಮ್ ಇದೆ" ಅಂದುಬಿಡುತ್ತಾರೆ. ನಾನು ಹೇಳಿಕೊಡುವುದು ಹೀಗೆ.

ಕಲ್ಚರ್‌ಗೆ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಕೊಡುವುದಾದರೆ ಲ್ಯಾಬಿನಿಂದಲೋ ಮೆಡಿಕಲ್‌ನಿಂದಲೋ ಸ್ಟೆರೈಲ್ (ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿದ) ಡಬ್ಬಿ ತಗೊಳ್ಳಿ. ಮನೆಯ ಬಾಟಲಿ ಎಷ್ಟು ತೊಳೆದರೂ ಬೇಡ. ಮೊದಲು ಕೈ ಸೋಪಿನಲ್ಲಿ ತೊಳೆಯಿರಿ. ಹೆಂಗಸರು ಆ ಜಾಗವನ್ನು ಬರೀ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಿಕೊಳ್ಳಿ. ಡೆಟಾಲ್ ಹಾಕಬೇಡಿ. ಅದರ ಒಂದು ಹನಿ ಡಬ್ಬಿಗೆ ಬಿದ್ದರೂ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಡಬ್ಬಿಯ ಮುಚ್ಚಳ ತೆಗೆದು ಒಳಭಾಗ ಮೇಲೆ ಬರುವಂತೆ ಇಡಿ. ಡಬ್ಬಿಯ ಒಳಗಾಗಲಿ, ಮುಚ್ಚಳದ ಒಳಗಾಗಲಿ ಬೆರಳು ತಾಗಿಸಬೇಡಿ.

ಈಗ ಮುಖ್ಯವಾದ ಮಾತು. ಒಂದು ಕೈಯ ಎರಡು ಬೆರಳಿನಿಂದ ಚರ್ಮ ಅಗಲಿಸಿ ಹಿಡಿದುಕೊಳ್ಳಿ. ಗಂಡಸರು ಮುಂದೊಗಲು ಹಿಂದಕ್ಕೆ ಸರಿಸಿ. ಮೊದಲು ಬರುವ ಸ್ವಲ್ಪ ಮೂತ್ರವನ್ನು ಟಾಯ್ಲೆಟ್ಟಿಗೇ ಬಿಡಿ. ಧಾರೆ ನಿಲ್ಲಿಸದೆ, ಹರಿಯುತ್ತಿರುವಾಗಲೇ ಡಬ್ಬಿ ಒಡ್ಡಿ. ಕಾಲು ಡಬ್ಬಿಯಿಂದ ಅರ್ಧ ಡಬ್ಬಿ ಸಾಕು. ಕೊನೆಯದ್ದು ಮತ್ತೆ ಟಾಯ್ಲೆಟ್ಟಿಗೆ. ಮೊದಲ ಧಾರೆ ಹೊರಗಿನ ಚರ್ಮದ ಬ್ಯಾಕ್ಟೀರಿಯಾಗಳನ್ನು ತೊಳೆದುಕೊಂಡು ಹೋಗುತ್ತದೆ. ನಡುವಿನ ಧಾರೆ ಮೂತ್ರಕೋಶದಲ್ಲಿ ಏನಿದೆಯೋ ಅದನ್ನು ತರುತ್ತದೆ. ಮುಟ್ಟಾಗಿದ್ದರೆ ಹೇಳಿ, ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ. ಇಲ್ಲದಿದ್ದರೆ ರಕ್ತ ಎಲ್ಲಿಂದ ಬಂತು ಅಂತ ಡಾಕ್ಟರು ಸುಮ್ನೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಆಗದಿದ್ದರೆ ಮೂರು ನಾಲ್ಕು ಗಂಟೆ ತಡೆದಿದ್ದು ಸಾಕು. ಹಿಡಿದ ಮೇಲೆ ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ಅನುಕೂಲವಾದ ಬೆಚ್ಚನೆ ಸಿಕ್ಕರೆ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಇದ್ದದ್ದು ಗಂಟೆಯಲ್ಲಿ ಎಂಟು. ರಾತ್ರಿಯೆಲ್ಲಾ ಟಾನಿಕ್ ಬಾಟಲಿಯಲ್ಲಿ ಇಟ್ಟರೆ ಅದು ನಿಮ್ಮ ಮೂತ್ರಕೋಶದ ಲೆಕ್ಕ ಹೇಳುವುದಿಲ್ಲ, ಬಾಟಲಿಯ ಲೆಕ್ಕ ಹೇಳುತ್ತದೆ. ದೂರದ ಹಳ್ಳಿಯವರಾದರೆ ಲ್ಯಾಬಿಗೇ ಬಂದು ಹಿಡಿಯಿರಿ. ಇಲ್ಲವೇ ಫ್ರಿಜ್ಜಿನಲ್ಲಿಟ್ಟು (ಐಸ್ ಕಟ್ಟುವ ಖಾನೆಯಲ್ಲಿ ಅಲ್ಲ) ತಣ್ಣಗೇ ತನ್ನಿ, 24 ಗಂಟೆಯೊಳಗೆ.

ಎಳೆ ಕೂಸಿನದು ಹಿಡಿಯುವುದು ತಾಯಂದಿರಿಗೆ ದೊಡ್ಡ ಫಜೀತಿ. ಅಂಟಿಸುವ ಚೀಲದಲ್ಲಿ ಹಿಡಿದದ್ದು ಚರ್ಮದ ಬ್ಯಾಕ್ಟೀರಿಯಾ ಸೇರಿ ಕೆಡುವುದೇ ಜಾಸ್ತಿ. ಹಾಲು ಕುಡಿಸಿ, ತೊಳೆದು, ತಣ್ಣೀರಲ್ಲಿ ಅದ್ದಿದ ಹತ್ತಿಯಿಂದ ಕಿಬ್ಬೊಟ್ಟೆಯನ್ನು ಮೆಲ್ಲಗೆ ಸುತ್ತ ಸವರಿ. ಎಷ್ಟೋ ಮಕ್ಕಳು ಕೆಲವೇ ನಿಮಿಷದಲ್ಲಿ ಮಾಡುತ್ತವೆ. ಇನ್ನೊಬ್ಬರು ಡಬ್ಬಿ ಹಿಡಿದು ಕಾಯುತ್ತಿರಬೇಕು, ಅಷ್ಟೇ. ತೀರಾ ಚಿಕ್ಕ ಕೂಸಿಗೆ ಜ್ವರವಿದ್ದರೆ ಡಾಕ್ಟರು ಸಣ್ಣ ನಳಿಕೆ ಹಾಕಿ ತೆಗೆಯುತ್ತಾರೆ, ಬೇಡ ಅನ್ನಬೇಡಿ.

ಒಳಗೆ ನಾವೇನು ಮಾಡುತ್ತೇವೆ

ಮೊದಲು ಬಣ್ಣದ ಚೌಕಗಳಿರುವ ಸ್ಟ್ರಿಪ್ ಅದ್ದುತ್ತೇವೆ. ಅದರಲ್ಲಿ ಈ ವಿಷಯಕ್ಕೆ ಬೇಕಾದ ಚೌಕ ಎರಡು. ಒಂದು ಬಿಳಿರಕ್ತಕಣಗಳ ಸುಳಿವು ಕೊಡುವುದು. ಇನ್ನೊಂದು ನೈಟ್ರೈಟ್, ಇ. ಕೋಲಿಯಂಥವು ಇದ್ದರೆ ಗುಲಾಬಿಯಾಗುತ್ತದೆ. ಮೂತ್ರ ನಾಲ್ಕು ಗಂಟೆಯಾದರೂ ಒಳಗೆ ನಿಂತಿದ್ದರೇ ನೈಟ್ರೈಟ್ ಸರಿಯಾಗಿ ಬರುವುದು. ಎಲ್ಲ ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುವುದಿಲ್ಲ. ಆದ್ದರಿಂದ ಅದು ನೆಗೆಟಿವ್ ಬಂತು ಅಂತ ಇನ್‌ಫೆಕ್ಷನ್ ಇಲ್ಲ ಅನ್ನುವಂತಿಲ್ಲ.

ಆಮೇಲೆ ಮೂತ್ರವನ್ನು ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ನಿಂತ ಚರಟವನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ರಿಪೋರ್ಟಿನಲ್ಲಿ "ಪಸ್ ಸೆಲ್ಸ್" ಅಂತ ಇರುತ್ತದಲ್ವಾ, ಇಲ್ಲಿ ಕಂಡ ಬಿಳಿರಕ್ತಕಣಗಳ ಲೆಕ್ಕವೇ ಅದು. ಒಂದು ನೋಟಕ್ಕೆ ಐದರ ಒಳಗಿದ್ದರೆ ಸಾಮಾನ್ಯ. ಅದರ ಪಕ್ಕದಲ್ಲೇ "ಎಪಿಥೀಲಿಯಲ್ ಸೆಲ್ಸ್" ಅಂತ ಇನ್ನೊಂದು ಸಾಲಿದೆ. ಅದನ್ನೂ ನೋಡಿ. ಅವು ಚರ್ಮದ ಕಡೆಯಿಂದ ಬಂದ ಕಣಗಳು. ತುಂಬಾ ಇದ್ದರೆ ಸ್ಯಾಂಪಲ್ ಹಿಡಿದದ್ದೇ ಸರಿಯಿಲ್ಲ ಅಂತ ಅರ್ಥ.

ಕಲ್ಚರ್ ನನಗೆ ಇವತ್ತಿಗೂ ಬೇಸರ ತರಿಸದ ಕೆಲಸ. ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲು ಮಾತ್ರ ಹಿಡಿಯುವ ಪುಟ್ಟ ತಂತಿಯ ಉಂಗುರ ಇದೆ, ಲೂಪ್ ಅನ್ನುತ್ತೇವೆ. ಅದನ್ನು ಮೂತ್ರದಲ್ಲಿ ಅದ್ದಿ ಪ್ಲೇಟಿನ ಮೇಲೆ ಎಳೆಯುತ್ತೇವೆ. ಪ್ಲೇಟಿನಲ್ಲಿರುವುದು ಅಗರ್ ಎಂಬ ಗಟ್ಟಿ ಪಾಕ, ಅದರಲ್ಲಿ ಬ್ಯಾಕ್ಟೀರಿಯಾಗಳಿಗೆ ಊಟ ಬೆರೆಸಿರುತ್ತದೆ. 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಬೆಳಗ್ಗೆ ತೆಗೆದು ಬೆಳಕಿಗೆ ಹಿಡಿದರೆ, ಮ್ಯಾಕ್‌ಕಾಂಕಿ ಎಂಬ ಬಗೆಯ ಪ್ಲೇಟಿನಲ್ಲಿ ಇ. ಕೋಲಿ ಸಣ್ಣ ಸಣ್ಣ ಗುಲಾಬಿ ಚುಕ್ಕೆಗಳಾಗಿ ನಿಂತಿರುತ್ತದೆ. ಒಂದೊಂದು ಚುಕ್ಕೆಗೆ ಸಾವಿರದ ಲೆಕ್ಕ. ನೂರು ಚುಕ್ಕೆ ಅಂದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ. ರಿಪೋರ್ಟಿನಲ್ಲಿ ಬರುವ ಈ ಒಂದು ಲಕ್ಷದ ಗಡಿಯನ್ನು 1956ರಲ್ಲಿ ಅಮೆರಿಕದ ಎಡ್ವರ್ಡ್ ಕ್ಯಾಸ್ ಹಾಕಿದ್ದು. ಉರಿ, ಅವಸರ ಎಲ್ಲಾ ಇರುವ ಹೆಂಗಸರಲ್ಲಿ ಅದಕ್ಕಿಂತ ಕಡಿಮೆ ಇದ್ದರೂ ಇನ್‌ಫೆಕ್ಷನ್ ಆಗಿರಬಹುದು. ಮೂರು ನಾಲ್ಕು ಬಗೆಯ ಚುಕ್ಕೆ ಒಟ್ಟಿಗೆ ಬಂದರೆ "ಮಿಕ್ಸೆಡ್ ಗ್ರೋತ್" ಅಂತ ಬರೆದು ಮತ್ತೆ ಸ್ಯಾಂಪಲ್ ಕೇಳುತ್ತೇವೆ. ದುಡ್ಡಿಗೋಸ್ಕರ ಕೇಳುತ್ತಿದ್ದಾರೆ ಅಂದುಕೊಳ್ಳಬೇಡಿ.

ಎರಡನೇ ದಿನದ ಕೆಲಸ ಇನ್ನೂ ಮುಖ್ಯ. ಬೆಳೆದ ಬ್ಯಾಕ್ಟೀರಿಯಾವನ್ನು ಹೊಸ ಪ್ಲೇಟಿಗೆ ಪೂರ್ತಿ ಹಚ್ಚಿ, ಮೇಲೆ ಬೇರೆ ಬೇರೆ ಆ್ಯಂಟಿಬಯೋಟಿಕ್ ಹಾಕಿದ ಕಾಗದದ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಮರುದಿನ ನೋಡಿದರೆ, ಕೆಲಸ ಮಾಡುವ ಔಷಧದ ಸುತ್ತ ಏನೂ ಬೆಳೆಯದ ಬೋಳು ವೃತ್ತ. ಮಾಡದ ಔಷಧದ ಬಿಲ್ಲೆಯ ಅಂಚಿನವರೆಗೂ ಬೆಳೆ. ಅಕ್ಕನ ಪ್ಲೇಟನ್ನು ನಾನೇ ನೋಡಿದೆ. ಅವಳು ಅರ್ಧರ್ಧ ನುಂಗುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್ ಬಿಲ್ಲೆಯ ಸುತ್ತ ಒಂದು ಕೂದಲೆಳೆಯಷ್ಟೂ ಜಾಗ ಖಾಲಿ ಇರಲಿಲ್ಲ. ನಮ್ಮ ದೇಶದಲ್ಲಿ ಇ. ಕೋಲಿ ಈ ಗುಂಪಿನ ಮಾತ್ರೆಗಳಿಗೆ ಬಗ್ಗದೆ ಹೋಗಿರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಗಳು ವರ್ಷವರ್ಷವೂ ಹೇಳುತ್ತಿವೆ. ಆದರೂ ಕೌಂಟರಿನಲ್ಲಿ ಕೇಳಿದವರಿಗೆಲ್ಲಾ ಸಿಗುವುದು ಅದೇ. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು. ಇದನ್ನು ಕೇಂದ್ರ ಆರೋಗ್ಯ ಸಚಿವಾಲಯವೇ 2016ರಲ್ಲಿ ಸಾರಿತ್ತು.

ಎಲ್ಲರಿಗೂ ಕಲ್ಚರ್ ಬೇಕಾ?

ಬೇಡ. ಆರೋಗ್ಯವಾಗಿರುವ, ಬಸುರಿಯಲ್ಲದ ಹೆಣ್ಣುಮಗಳಿಗೆ ಮೊದಲ ಸಲ ಬಂದಿದ್ದರೆ, ಲಕ್ಷಣ ಸ್ಪಷ್ಟವಾಗಿದ್ದರೆ, ಡಾಕ್ಟರು ಕೇಳಿ ತಿಳಿದು ನೇರ ಔಷಧ ಬರೆಯಬಹುದು. ಮತ್ತೆ ಮತ್ತೆ ಬರುತ್ತಿದ್ದರೆ, ಔಷಧಕ್ಕೆ ಬಗ್ಗದಿದ್ದರೆ, ಜ್ವರವಿದ್ದರೆ, ಬಸುರಿಯಾಗಿದ್ದರೆ, ಗಂಡಸರಿಗೆ, ಮಕ್ಕಳಿಗೆ ಕಲ್ಚರ್ ಬೇಕೇ ಬೇಕು. ಅದೂ ಮೊದಲ ಮಾತ್ರೆಗೆ ಮುಂಚೆ. ಸ್ಯಾಂಪಲ್ ಕೊಟ್ಟ ಮೇಲೆ ರಿಪೋರ್ಟಿಗೆ ಕಾಯದೆ ಡಾಕ್ಟರು ಹೇಳಿದ ಔಷಧ ಶುರು ಮಾಡಬಹುದು. ರಿಪೋರ್ಟ್ ಬಂದ ಮೇಲೆ ಬೇಕಾದರೆ ಬದಲಾಯಿಸುತ್ತಾರೆ.

ಇದರ ಇನ್ನೊಂದು ಮಗ್ಗುಲೂ ಇದೆ. ಉರಿಯಿಲ್ಲ, ಜ್ವರವಿಲ್ಲ, ಏನೂ ಇಲ್ಲ. ಯಾವುದೋ ಚೆಕಪ್ಪಿನಲ್ಲಿ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯಿತು. ಇಂಥವರಿಗೆ, ಅದರಲ್ಲೂ ವಯಸ್ಸಾದವರಿಗೆ, ಸಾಮಾನ್ಯವಾಗಿ ಚಿಕಿತ್ಸೆ ಬೇಡ. ಬಸುರಿಯರದು ಮಾತ್ರ ಬೇರೆ. ಲಕ್ಷಣವಿಲ್ಲದಿದ್ದರೂ ಅವರಿಗೆ ಚಿಕಿತ್ಸೆ ಕೊಡಬೇಕು. ಬಿಟ್ಟರೆ ಕಿಡ್ನಿಗೆ ಏರಬಹುದು, ಹೆರಿಗೆ ಬೇಗ ಆಗಬಹುದು. ಮೂತ್ರದ ದಾರಿಯ ಆಪರೇಷನ್‌ಗೆ ಮುಂಚೆಯೂ ಹಾಗೆಯೇ. ಕ್ಯಾತಿಟರ್ (ಮೂತ್ರ ಹೊರಗೆ ಹರಿಸುವ ನಳಿಕೆ) ಹಾಕಿದವರ ಚೀಲದ ಮೂತ್ರವನ್ನು ತರಬೇಡಿ, ಅದರಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ.

ಪಸ್ ಸೆಲ್ಸ್ ತುಂಬಾ ಇದೆ, ಕಲ್ಚರಿನಲ್ಲಿ ಮಾತ್ರ ಏನೂ ಬೆಳೆಯುತ್ತಿಲ್ಲ, ಮಾತ್ರೆಯೂ ತಗೊಂಡಿಲ್ಲ ಅಂದರೆ ಅಲ್ಲಿಗೆ ಬಿಡಬೇಡಿ. ಕಲ್ಲು, ಲೈಂಗಿಕ ಸೋಂಕು, ನಮ್ಮ ದೇಶದಲ್ಲಿ ಕ್ಷಯವೂ ಹೀಗೆ ಕಾಣಿಸಬಹುದು.

ಔಷಧದ ದಿನಗಳು

ಬರೀ ಮೂತ್ರಕೋಶದ ಇನ್‌ಫೆಕ್ಷನ್ನಿಗೆ ಈಗ ಡಾಕ್ಟರು ಹೆಚ್ಚಾಗಿ ಬರೆಯುವುದು ನೈಟ್ರೋಫ್ಯುರಾಂಟೋಯಿನ್, 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ. ಊಟದ ಜೊತೆಗೇ ತಗೊಳ್ಳಬೇಕು, ಇಲ್ಲದಿದ್ದರೆ ವಾಕರಿಕೆ. ಇದು ಕಿಡ್ನಿಗೆ ಏರಿದ ಇನ್‌ಫೆಕ್ಷನ್ನಿಗೆ ಸಾಲದು. ಕಿಡ್ನಿ ಕೆಲಸ ಕಡಿಮೆಯಾದವರಿಗೆ, ತುಂಬು ಬಸುರಿಯರಿಗೆ, ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಿಗೆ ಆಗುವುದಿಲ್ಲ. ಇನ್ನೊಂದು ಫಾಸ್ಫೋಮೈಸಿನ್, 3 ಗ್ರಾಂ ಪುಡಿಯ ಪೊಟ್ಟಣ, ನೀರಲ್ಲಿ ಕದಡಿ ಒಂದೇ ಸಲ ಕುಡಿಯುವುದು. ಯಾವುದು, ಎಷ್ಟು ದಿನ ಅನ್ನುವುದನ್ನು ಡಾಕ್ಟರು ನಿಮ್ಮನ್ನು ನೋಡಿ ಹೇಳಬೇಕು. ಬಸುರಿ ಇರಬಹುದು ಅನ್ನುವ ಅನುಮಾನವಿದ್ದರೂ ಮೊದಲೇ ಹೇಳಿ.

ಉರಿ ಕಡಿಮೆ ಮಾಡುವ ಸಿರಪ್ ಗೊತ್ತಲ್ವಾ, ಆಲ್ಕಲೈಸರ್ ಅನ್ನುತ್ತಾರೆ. ಅದು ಮೂತ್ರದ ಹುಳಿ ಇಳಿಸುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟೋಯಿನ್ ಹುಳಿ ಮೂತ್ರದಲ್ಲೇ ಚೆನ್ನಾಗಿ ಕೆಲಸ ಮಾಡುವುದು. ಎರಡೂ ಒಟ್ಟಿಗೆ ಬೇಕಾ ಅಂತ ಕೇಳಿ. ಎರಡು ಮೂರು ದಿನಕ್ಕೂ ಉರಿ ಇಳಿಯದಿದ್ದರೆ ಕೋರ್ಸು ಮುಗಿಯಲಿ ಅಂತ ಕಾಯಬೇಡಿ, ಆಗಲೇ ಮತ್ತೆ ಹೋಗಿ.

ಮತ್ತೆ ಬಾರದ ಹಾಗೆ

2018ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮತ್ತೆ ಮತ್ತೆ ಇನ್‌ಫೆಕ್ಷನ್ ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರು. ಅರ್ಧ ಜನಕ್ಕೆ ದಿನಾ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಬಂತು, ಉಳಿದವರಿಗೆ 3.2 ಸಲ. ಬರೀ ನೀರು. (ಹೃದಯ, ಕಿಡ್ನಿ ತೊಂದರೆಗೆ ನೀರು ಮಿತಿಯಲ್ಲಿ ಕುಡಿಯಿರಿ ಅಂತ ಹೇಳಿಸಿಕೊಂಡವರು ಅದನ್ನೇ ಪಾಲಿಸಿ.)

ಆದರೆ ನೀರು ಕುಡಿಯಿರಿ ಅಂದಾಗಲೆಲ್ಲ ನನಗೆ ಬರುವ ಉತ್ತರ ಒಂದೇ. "ಕುಡಿದ್ರೆ ಎಲ್ಲಿಗೆ ಹೋಗೋದು ಅಕ್ಕಾ?" ಸಂತೆಯಲ್ಲಿ ಸೊಪ್ಪು ಮಾರುವವರು, ಬಸ್ ಕಂಡಕ್ಟರ್ ಹೆಣ್ಣುಮಕ್ಕಳು, ಗಾರ್ಮೆಂಟ್ಸಿಗೆ ಹೋಗುವವರು, ಹೊಲದ ಕೂಲಿಯವರು. ಬೆಳಗ್ಗೆ ಮನೆ ಬಿಟ್ಟರೆ ಸಂಜೆಯವರೆಗೂ ಗಂಟಲು ಒಣಗಿಸಿಕೊಂಡು, ಕಟ್ಟಿಕೊಂಡು ಕೂರುತ್ತಾರೆ. ಇದು ಅವರ ತಪ್ಪಲ್ಲ. ಹೈಸ್ಕೂಲು ಹುಡುಗಿಯರೂ ಹಾಗೇ. ನಿಮ್ಮ ಮಗಳನ್ನು ಇವತ್ತು ಒಂದು ಮಾತು ಕೇಳಿ, ಶಾಲೆಯ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ನೀರು ಬರುತ್ತಾ ಅಂತ. ಇಲ್ಲ ಅಂದರೆ ನೀವೇ ಹೋಗಿ ಮುಖ್ಯೋಪಾಧ್ಯಾಯರನ್ನು ಕಾಣಿ. ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ನಾವು ನಾಲ್ಕು ತಾಯಂದಿರು ಹೋಗಿದ್ದೆವು. ಚಿಲಕ ಹಾಕಿಸುವುದಕ್ಕೆ ಒಂದು ವಾರ ಹಿಡಿಯಿತು, ಅಷ್ಟೇ.

ಉಳಿದದ್ದು ಚಿಕ್ಕ ಚಿಕ್ಕ ವಿಷಯ. ತೊಳೆಯುವುದು ಮುಂದಿನಿಂದ ಹಿಂದಕ್ಕೆ. ಗಂಡಹೆಂಡತಿ ಸೇರಿದ ಮೇಲೆ ಎದ್ದು ಒಂದಕ್ಕೆ ಹೋಗಿ ಬನ್ನಿ. ಮಕ್ಕಳಿಗೆ ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಮಾಡಿ. ಶುಗರ್ ಹಿಡಿತದಲ್ಲಿಡಿ. ಮುಟ್ಟು ನಿಂತ ಮೇಲೆ ಪದೇ ಪದೇ ಬರುತ್ತಿದ್ದರೆ ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಚೆನ್ನಾಗಿ ಕೆಲಸ ಮಾಡುತ್ತದೆ. ಲೇಡಿ ಡಾಕ್ಟರನ್ನು ಕೇಳಿ, ವಯಸ್ಸಾಯ್ತು ಅಂತ ಸುಮ್ಮನಿರಬೇಡಿ.

ಆ ಟಾನಿಕ್ ಬಾಟಲಿಯ ಹೆಣ್ಣುಮಗಳು ಮಳೆಗಾಲದಲ್ಲಿ ಮತ್ತೆ ಬಂದಳು. ಈ ಸಲ ಖಾಲಿ ಕೈ. "ಅಕ್ಕಾ, ಏನೂ ನುಂಗಿಲ್ಲ, ಡಬ್ಬಿ ಕೊಡಿ" ಅಂದಳು. ಮರುದಿನ ಬೆಳಗ್ಗೆ ಪ್ಲೇಟ್ ತುಂಬಾ ಗುಲಾಬಿ ಚುಕ್ಕೆ. ಡಾಕ್ಟರು ಐದು ದಿನಕ್ಕೆ ನೈಟ್ರೋಫ್ಯುರಾಂಟೋಯಿನ್ ಬರೆದಿದ್ದರು. ಅದರ ಬಿಲ್ಲೆಯ ಸುತ್ತ ಅಗಲವಾದ ಬೋಳು ವೃತ್ತ ಬಂದಿತ್ತು, ಬದಲಾಯಿಸುವ ಅಗತ್ಯ ಬೀಳಲಿಲ್ಲ. ಮೂರನೇ ದಿನ ಗಾಬರಿಯಿಂದ ಫೋನ್ ಮಾಡಿದಳು. ಉರಿ ಹೋಗಿದೆ, ಆದರೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ, ನಿಲ್ಲಿಸಿಬಿಡಲಾ ಅಂತ. ಜ್ವರ ಇದೆಯಾ, ಕಣ್ಣು ಹಳದಿಯಾಗಿದೆಯಾ ಅಂತ ಕೇಳಿದೆ. ಇಲ್ಲ ಅಂದಳು. "ಅದು ಮಾತ್ರೆಯ ಬಣ್ಣ ಕಣಮ್ಮಾ, ಡಾಕ್ಟರಿಗೂ ಒಂದು ಮಾತು ಹೇಳು. ಉಳಿದ ಎರಡು ದಿನದ್ದೂ ಊಟದ ಜೊತೆ ತಗೋ" ಅಂದೆ.